ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟುವ ಮಕ್ಕಳಿಗೆ ವರ್ಕ್‌ಶಾಪ್‌ನಲ್ಲೇ ಮಾತು ಕಲಿಸಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ನಮ್ಮಲ್ಲಿ ಜಾಸ್ತಿ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಕೆಲಸ ಚೆನ್ನಾಗಿ ಮಾಡುತ್ತಾರೆ, ಮಾರ್ಕ್ಸೂ ಬರುತ್ತದೆ. ಕಂಪನಿಯವರು ಇಂಟರ್‌ವ್ಯೂಗೆ ಬಂದಾಗ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಹೋದ ವರ್ಷ ಹೊರಗಿನಿಂದ ಟ್ರೈನರ್ ಕರೆಸಿ ಮೂರು ದಿನ ಸಾಫ್ಟ್ ಸ್ಕಿಲ್ಸ್ ತರಬೇತಿ ಕೊಡಿಸಿದೆವು. ಮಕ್ಕಳು ಖುಷಿಪಟ್ಟರು, ಬದಲಾವಣೆ ಏನೂ ಕಾಣಲಿಲ್ಲ. ವಾರಕ್ಕೆ ಒಂದು ಪೀರಿಯಡ್‌ಗಿಂತ ಜಾಸ್ತಿ ಸಮಯ ಸಿಗುವುದಿಲ್ಲ. ಇಂಗ್ಲಿಷ್‌ನಿಂದಲೇ ಶುರು ಮಾಡಬೇಕಾ? ಬಾಯೇ ಬಿಡದ ಒಂದಿಬ್ಬರು ಹುಡುಗಿಯರಿದ್ದಾರೆ, ಅವರಿಗೆ ಏನು ಮಾಡಲಿ?

ಉತ್ತರ: ಮೇಡಂ, "ಕೆಲಸ ಚೆನ್ನಾಗಿ ಮಾಡುತ್ತಾರೆ" ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಅವರ ಹತ್ತಿರ ಹೇಳೋಕೆ ಸರಕು ಇದೆ. ಅದನ್ನು ಹೇಳುವ ಸಂದರ್ಭವೇ ಅವರಿಗೆ ಸಿಕ್ಕಿಲ್ಲ. ಯೋಚಿಸಿ ನೋಡಿ, ನಮ್ಮ ಡಿಪ್ಲೊಮಾ ಹುಡುಗ ಕಾಲೇಜಿನಲ್ಲಿ ಯಾವಾಗ ಮಾತಾಡುತ್ತಾನೆ? ಹಾಜರಿ ಕೂಗಿದಾಗ "ಪ್ರೆಸೆಂಟ್ ಮೇಡಂ" ಅನ್ನುತ್ತಾನೆ. ವೈವಾದಲ್ಲಿ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಕೇಳಿದ್ದಕ್ಕೆ ಒಂದೊಂದು ಸಾಲು ಒಪ್ಪಿಸುತ್ತಾನೆ. ಆ ಎಕ್ಸ್‌ಟರ್ನಲ್‌ಗೆ ಉತ್ತರ ಮೊದಲೇ ಗೊತ್ತು. ಹುಡುಗ ಹೇಳಿದ್ದು ಅರ್ಥ ಆಗದಿದ್ದರೂ ಅವರು ಏನೂ ಕಳೆದುಕೊಳ್ಳುವುದಿಲ್ಲ, ಮಾರ್ಕ್ಸ್ ಹಾಕಿ ಎದ್ದು ಹೋಗುತ್ತಾರೆ. ಕಾರ್ಖಾನೆಯಲ್ಲಿ ಹಾಗಲ್ಲ. ಕೇಳುವವನಿಗೆ ವಿಷಯ ಗೊತ್ತಿರುವುದಿಲ್ಲ, ಗೊತ್ತಾಗದಿದ್ದರೆ ಜಾಬ್, ಅಂದರೆ ಮಷೀನ್ ಮೇಲೆ ತಯಾರಾಗುತ್ತಿರುವ ತುಂಡು, ಕೆಡುತ್ತದೆ. ಹಾಗೆ ನಿಜವಾಗಿ ತಿಳಿಯಬೇಕಾದವರಿಗೆ ಹೇಳುವ ಅಭ್ಯಾಸ ಮೂರು ವರ್ಷದಲ್ಲಿ ಒಮ್ಮೆಯೂ ಆಗಿರುವುದಿಲ್ಲ. ನೀವು ಸೃಷ್ಟಿಸಬೇಕಾದ್ದು ಆ ಸಂದರ್ಭಗಳನ್ನು. ವರ್ಕ್‌ಶಾಪ್ ನಿಮ್ಮ ಕೈಯಲ್ಲೇ ಇದೆ, ಹೊರಗಿನವರು ಬೇಕಾಗಿಲ್ಲ.

ಮೊದಲು ಆ ಮೂರು ದಿನದ ತರಬೇತಿಯ ವಿಷಯ ಮುಗಿಸಿಬಿಡೋಣ. ಅದರಲ್ಲಿ ಒಂದು ಸ್ಲೈಡ್ ಖಂಡಿತ ಬಂದಿರುತ್ತದೆ: ಸಂವಹನದಲ್ಲಿ ಮಾತಿನ ಪಾಲು ಬರೀ 7%, ಧ್ವನಿಯದು 38%, ಹಾವಭಾವದ್ದು 55%. ದೇಶದ ಯಾವ ಮೂಲೆಗೆ ಹೋದರೂ ಈ ಸ್ಲೈಡ್ ತಪ್ಪುವುದಿಲ್ಲ. ಇದು ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳನ್ನು ಜೋಡಿಸಿ ಬಂದ ಲೆಕ್ಕ. ಅಲ್ಲಿ ಕೇಳಿಸಿದ್ದು ಬಿಡಿ ಬಿಡಿ ಪದಗಳನ್ನು. ನೋಡಿದ್ದು ಒಂದೇ ವಿಷಯ: ಹೇಳಿದ ಪದ ಒಂದು ಕಡೆ, ಧ್ವನಿ ಅಥವಾ ಮುಖ ಇನ್ನೊಂದು ಕಡೆ ಎಳೆದಾಗ, ಆ ಮನುಷ್ಯನಿಗೆ ನಮ್ಮ ಮೇಲೆ ಇಷ್ಟವೋ ಅಲ್ಲವೋ ಎಂಬುದನ್ನು ಜನ ಯಾವುದರಿಂದ ಅಳೆಯುತ್ತಾರೆ ಅಂತ. ಭಾವನೆ, ಮನೋಭಾವದ ಮಾತು ಬಿಟ್ಟರೆ ಈ ಲೆಕ್ಕ ಬೇರೆಲ್ಲೂ ಅನ್ವಯಿಸುವುದಿಲ್ಲ ಅಂತ ಸ್ವತಃ ಅವರೇ ಹೇಳಿದ್ದಾರೆ. "ಸ್ಪಿಂಡಲ್ ಬೇರಿಂಗ್ ಬಿಸಿ ಆಗ್ತಿದೆ" ಎಂಬ ಸುದ್ದಿಯಲ್ಲಿ 93% ಕೈಸನ್ನೆಯಲ್ಲಿದೆ ಅಂದರೆ ಯಾರಾದರೂ ನಂಬುತ್ತಾರಾ? ಆದರೂ ಈ ಸ್ಲೈಡ್ ನಂಬಿ ನಮ್ಮ ಮಕ್ಕಳಿಗೆ ಟೈ ಕಟ್ಟುವುದು, ಕೈ ಕುಲುಕುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಲಿಸುತ್ತಾರೆ. ಅದು ಕೆಟ್ಟದ್ದೇನಲ್ಲ. ಆದರೆ ಏನು ಹೇಳಬೇಕು ಅನ್ನೋದೇ ಉಳಿದುಹೋಗುತ್ತದೆ.

ಈಗ ವರ್ಕ್‌ಶಾಪ್‌ಗೆ ಬರೋಣ. ನಿಮ್ಮಲ್ಲಿ ಬೆಳಿಗ್ಗೆ ಒಂದು ಬ್ಯಾಚ್, ಮಧ್ಯಾಹ್ನ ಒಂದು ಬ್ಯಾಚ್ ಪ್ರಾಕ್ಟಿಕಲ್ ಇರುತ್ತದೆ ಅಲ್ವಾ? ಒಂದು ಬ್ಯಾಚ್ ಹೋಗಿ ಇನ್ನೊಂದು ಬರುವ ಆ ಐದು ನಿಮಿಷವನ್ನು ಹಿಡಿದುಕೊಳ್ಳಿ. ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ ನಡೆಯುವ ಹ್ಯಾಂಡೋವರ್ ಇಲ್ಲೂ ನಡೆಯಲಿ. ಹೋಗುವ ಬ್ಯಾಚಿನ ಒಬ್ಬ, ಬರುವ ಬ್ಯಾಚಿನ ಒಬ್ಬನಿಗೆ ತನ್ನ ಮಷೀನ್ ಒಪ್ಪಿಸಬೇಕು. ಬಾಯಲ್ಲಿ, ಕನ್ನಡದಲ್ಲಿ, ಮಷೀನ್ ಮುಂದೆ ನಿಂತು. ದಿನಾ ಬೇರೆ ಬೇರೆಯವರು. ಹೊಸ ಪೀರಿಯಡ್ ಬೇಡ, ಪ್ರಿನ್ಸಿಪಾಲರ ಅನುಮತಿಯೂ ಬೇಡ.

ಮೊದಲ ದಿನ ಏನಾಗುತ್ತದೆ ಅಂತ ಈಗಲೇ ಹೇಳಬಲ್ಲೆ. "ಮಷೀನ್ ಪ್ರಾಬ್ಲಮ್ ಐತಿ, ನೋಡ್ಕೋ" ಅಂತ ಹೇಳಿ ಹುಡುಗ ಬ್ಯಾಗ್ ಎತ್ತಿಕೊಳ್ಳುತ್ತಾನೆ. ಬಂದವನು ಮಷೀನ್ ಆನ್ ಮಾಡುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ. ಆಗ ನಾಲ್ಕು ಪ್ರಶ್ನೆ ಬೋರ್ಡ್ ಮೇಲೆ ಬರೆಯಿರಿ: ಈಗ ಏನಾಗಿದೆ? ಅದಕ್ಕೆ ಮೊದಲು ಏನು ನಡೆದಿತ್ತು? ಏನಿರಬಹುದು ಅಂತ ನಿನಗನ್ನಿಸುತ್ತದೆ? ಈಗ ಏನು ಮಾಡಬೇಕು? ಇದು ನನ್ನ ಕಲ್ಪನೆಯೇನಲ್ಲ. ಅಮೆರಿಕದ ನೌಕಾಪಡೆಯಲ್ಲಿ ಬಳಕೆಯಲ್ಲಿದ್ದು, ಆಮೇಲೆ ಆಸ್ಪತ್ರೆಗಳಿಗೆ ಬಂದ ಕ್ರಮ. ಎಸ್‌ಬಿಎಆರ್ (ಸಿಚುವೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಅನ್ನುತ್ತಾರೆ. ನರ್ಸ್ ಒಬ್ಬರು ನಡುರಾತ್ರಿ ಡಾಕ್ಟರಿಗೆ ಫೋನ್ ಮಾಡಿದಾಗ ತಡವರಿಸದೆ ವಿಷಯ ಹೇಳಲಿ ಅಂತ ಅಲ್ಲಿ ಕಲಿಸುತ್ತಾರೆ. ನಮ್ಮ ಹುಡುಗನ ಬಾಯಲ್ಲಿ ಅದು ಹೀಗಾಗುತ್ತದೆ:

"ಮೂರನೇ ಲೇಥ್ 11:40ರಿಂದ ನಿಂತಿದೆ, ಕೂಲಂಟ್ ಬರ್ತಿಲ್ಲ. ಬೆಳಿಗ್ಗೆ ಎರಡು ಜಾಬ್ ಟರ್ನಿಂಗ್ ಮಾಡುವವರೆಗೂ ಚೆನ್ನಾಗಿ ಬರ್ತಿತ್ತು. ಟ್ಯಾಂಕ್ ತುಂಬಿದೆ, ಫಿಲ್ಟರ್ ಬಿಚ್ಚಿ ನೋಡಿದೆ, ಕ್ಲೀನ್ ಇದೆ. ಪಂಪ್ ಮೋಟರ್ ಸದ್ದೇ ಬರ್ತಿಲ್ಲ, ಕರೆಂಟ್ ಹೋಗ್ತಿಲ್ಲ ಅನ್ಸುತ್ತೆ. ಎಲೆಕ್ಟ್ರಿಷಿಯನ್‌ಗೆ ಹೇಳಬೇಕು, ಅಲ್ಲಿವರೆಗೆ ಇದರಲ್ಲಿ ಯಾರೂ ಕಟಿಂಗ್ ಮಾಡಬೇಡಿ."

ಅರ್ಧ ನಿಮಿಷದ ಮಾತು. ಇಷ್ಟನ್ನು ಹೇಳಬಲ್ಲ ಹುಡುಗನನ್ನು ಯಾವ ಸೂಪರ್‌ವೈಸರ್ ಬೇಡ ಅಂತಾನೆ? ಮೂರನೇ ಪ್ರಶ್ನೆಯ ಮೇಲೆ ಮಾತ್ರ ಸ್ವಲ್ಪ ಹಠ ಹಿಡಿಯಿರಿ. "ನನಗೇನನ್ನಿಸುತ್ತದೆ" ಅಂತ ಹೇಳೋಕೆ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ದೊಡ್ಡವರ ಮುಂದೆ ಅಭಿಪ್ರಾಯ ಹೇಳಬಾರದು ಅಂತಲೇ ಅವರನ್ನು ಬೆಳೆಸಿದ್ದೇವೆ. ತಪ್ಪು ಊಹೆ ಮಾಡಿದರೂ ಪರವಾಗಿಲ್ಲ, ಊಹೆಗೆ ಕಾರಣ ಹೇಳಿದರೆ ಸಾಕು ಅಂತ ಮೊದಲೇ ತಿಳಿಸಿಬಿಡಿ.

ಇದಕ್ಕೆ ಮಾರ್ಕ್ಸ್ ಹೇಗೆ ಹಾಕುವುದು? ಹೇಳಿದವನನ್ನು ನೋಡಿ ಹಾಕಬೇಡಿ, ಕೇಳಿಸಿಕೊಂಡವನನ್ನು ನೋಡಿ ಹಾಕಿ. ಬಂದವನು ಮತ್ತೆ ಯಾರನ್ನೂ ಕೇಳದೆ ಕೆಲಸ ಶುರು ಮಾಡಿದನೋ ಇಲ್ಲವೋ, ಅಷ್ಟೇ ಅಳತೆ.

ಕೇಳಿಸಿಕೊಳ್ಳುವವನಿಗೂ ಒಂದು ಕೆಲಸ ಇದೆ, ಬಹಳ ಕಾಲೇಜುಗಳಲ್ಲಿ ಅದನ್ನು ಕಲಿಸುವುದೇ ಇಲ್ಲ. ನಿಮ್ಮ ಕಡೆ ಮಕ್ಕಳು ಎಲ್ಲದಕ್ಕೂ "ಹೂಂರಿ", "ಆಯ್ತ್ರಿ ಮೇಡಂ" ಅನ್ನುತ್ತಾರೆ. ಮೈಸೂರು ಕಡೆ "ಸರಿ ಮೇಡಂ". ಗೌರವದ ಮಾತೇ. ಆದರೆ ಅರ್ಥ ಆಯಿತೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಮಂಜು ಕವಿದಿತ್ತು, ಇನ್ನೂ ಹಲವು ಕಾರಣಗಳಿದ್ದವು. ಅವುಗಳಲ್ಲಿ ಒಂದು, ಟವರ್ ಮತ್ತು ಪೈಲಟ್ ನಡುವೆ ಆದ ಅಸ್ಪಷ್ಟ ಮಾತು. ಟೇಕಾಫ್‌ಗೆ ಅನುಮತಿ ಸಿಕ್ಕಿದೆ ಅಂದುಕೊಂಡು ಪೈಲಟ್ ಹೊರಟರು. ವಿಮಾನದಿಂದ ಹೇಳಿದ್ದಕ್ಕೆ ಟವರ್‌ನವರು "ಓಕೆ" ಅಂದಿದ್ದರು, ವಿಮಾನ ಹೊರಟಿದೆ ಅಂತ ಟವರ್‌ನವರಿಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ವಿಮಾನಯಾನದ ಮಾತಿನ ನಿಯಮಗಳನ್ನು ಬಿಗಿ ಮಾಡಿದರು. ಬರೀ "ಓಕೆ" ಅಂದರೆ ಸಾಲದು, ಸೂಚನೆಯ ಮುಖ್ಯ ಭಾಗವನ್ನು ತಿರುಗಿ ಹೇಳಬೇಕು. ನಿಮ್ಮ ವರ್ಕ್‌ಶಾಪ್‌ನಲ್ಲೂ ಅದೇ ನಿಯಮ ತನ್ನಿ. "25 ಎಂಎಂ ಡಯಾ, 60 ಎಂಎಂ ಉದ್ದ, ಮೊದಲು ಫೇಸಿಂಗ್" ಅಂತ ನೀವು ಹೇಳಿದರೆ, ಹುಡುಗ ಅದನ್ನೇ ತಿರುಗಿ ಹೇಳಿದ ಮೇಲೆ ಮಷೀನ್ ಮುಟ್ಟಲಿ. ಮೊದಲ ವಾರ ನಗುತ್ತಾರೆ. ಆಮೇಲೆ ಅಭ್ಯಾಸ ಆಗುತ್ತದೆ. ಪೀಣ್ಯದಲ್ಲೋ ಬೆಳಗಾವಿಯ ಫೌಂಡ್ರಿಯಲ್ಲೋ ಅಪ್ರೆಂಟಿಸ್ ಆಗಿ ಸೇರಿದ ಮೊದಲ ದಿನವೇ ಈ ಒಂದು ಗುಣದಿಂದ ಹುಡುಗ ಬೇರೆಯಾಗಿ ಕಾಣುತ್ತಾನೆ.

ನಿಮ್ಮ ಆ ವಾರದ ಒಂದು ಪೀರಿಯಡ್‌ಗೆ ಬೇರೆ ಆಟ ಇಟ್ಟುಕೊಳ್ಳಿ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬಳ ಕೈಗೆ ಒಂದು ಸರಳ ಬ್ರ್ಯಾಕೆಟ್‌ನ ಡ್ರಾಯಿಂಗ್, ಇನ್ನೊಬ್ಬಳ ಕೈಗೆ ಖಾಲಿ ಹಾಳೆ. ಮೊದಲ ಸುತ್ತಿನಲ್ಲಿ ನೋಡುತ್ತಿರುವವಳು ಹೇಳಬೇಕು, ಬರೆಯುವವಳು ಪ್ರಶ್ನೆ ಕೇಳುವಂತಿಲ್ಲ. ಎರಡನೇ ಸುತ್ತಿನಲ್ಲಿ ಬೇರೆ ಡ್ರಾಯಿಂಗ್, ಎಷ್ಟು ಬೇಕಾದರೂ ಪ್ರಶ್ನೆ ಕೇಳಬಹುದು. ಎರಡೂ ಹಾಳೆಗಳನ್ನು ಅಸಲಿನ ಪಕ್ಕ ಅಂಟಿಸಿ. 1951ರಲ್ಲಿ ಲೆವಿಟ್ ಮತ್ತು ಮ್ಯೂಲರ್ ಎಂಬ ಇಬ್ಬರು ಸಂಶೋಧಕರು ಇಂಥದ್ದೇ ಪ್ರಯೋಗ ಮಾಡಿದ್ದರು, ಆಯತಗಳನ್ನು ಜೋಡಿಸಿದ ಚಿತ್ರ ಇಟ್ಟುಕೊಂಡು. ಪ್ರಶ್ನೆ ಕೇಳಲು ಬಿಟ್ಟಾಗ ಸಮಯ ಜಾಸ್ತಿ ಹಿಡಿಯಿತು, ಆದರೆ ಚಿತ್ರ ಹೆಚ್ಚು ಸರಿಯಾಗಿ ಬಂತು. ಬರೆದವರಿಗೆ ತಮ್ಮ ಮೇಲೆ ನಂಬಿಕೆಯೂ ಹೆಚ್ಚಿತ್ತು. ಪ್ರಶ್ನೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಎಂಬ ಭಯ ನಮ್ಮ ಮಕ್ಕಳಲ್ಲಿ ಎಷ್ಟಿದೆ ಅಂತ ನಿಮಗೆ ಗೊತ್ತು. ಗೋಡೆ ಮೇಲಿನ ಆ ಎರಡು ಹಾಳೆ ನೋಡಿದರೆ ಭಾಷಣ ಬೇಕಾಗುವುದಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್ ಕೂಡ ರಿವಿಷನ್ ಆಗುತ್ತದೆ, ಸುಮ್ನೆ ಬಂದ ಲಾಭ.

ಇನ್ನು ಇಂಗ್ಲಿಷ್. ಶುರು ಮಾಡಬೇಕಾದ್ದು ಕನ್ನಡದಿಂದಲೇ. ಇದು ಭಾಷಾಭಿಮಾನಕ್ಕೆ ಹೇಳುತ್ತಿರುವ ಮಾತಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸುವುದು, ಕೇಳುವವನಿಗೆ ಏನು ಗೊತ್ತು ಏನು ಗೊತ್ತಿಲ್ಲ ಅಂತ ಅಳೆಯುವುದು, ಬೇಡದ್ದನ್ನು ಬಿಡುವುದು ಇವೆಲ್ಲ ಯೋಚನೆಯ ಕೆಲಸ. ಇದನ್ನೂ ಬಾರದ ಭಾಷೆಯನ್ನೂ ಒಟ್ಟಿಗೆ ತಲೆ ಮೇಲೆ ಹೊರಿಸಿದರೆ ಎರಡೂ ಬೀಳುತ್ತವೆ. ಕನ್ನಡದಲ್ಲಿ ಗಟ್ಟಿಯಾದದ್ದನ್ನು ಇಂಗ್ಲಿಷ್‌ಗೆ ತರುವುದು ಅಷ್ಟು ಕಷ್ಟ ಅಲ್ಲ.

ಯಾಕೆ ಅಂದರೆ, ಮೆಕ್ಯಾನಿಕಲ್ ಹುಡುಗರ ಕನ್ನಡವನ್ನು ಒಮ್ಮೆ ಕಿವಿಗೊಟ್ಟು ಕೇಳಿ. "ಚಕ್ ಲೂಸ್ ಮಾಡಿ ಜಾಬ್ ಸೆಂಟರ್ ಮಾಡು, ಟೂಲ್ ಪೋಸ್ಟ್ ಟೈಟ್ ಐತೇನು ನೋಡು." ಮಷೀನ್, ಭಾಗ, ಅಳತೆಯ ಹೆಸರುಗಳೆಲ್ಲ ಆಗಲೇ ಇಂಗ್ಲಿಷ್. ಅವರಿಗೆ ಕೊರತೆ ಇರುವುದು ಕ್ರಿಯಾಪದಗಳದು ಮತ್ತು ಅವುಗಳನ್ನು ಜೋಡಿಸುವ ಸಣ್ಣ ಪದಗಳದು. ಹಾಗಾಗಿ ಪಟ್ಟಿ ಚಿಕ್ಕದು ಸಾಕು: ಟೈಟನ್, ಲೂಸನ್, ಚೆಕ್, ಮೆಷರ್, ರಿಪ್ಲೇಸ್, ರಿಮೂವ್, ಅಡ್ಜಸ್ಟ್, ರಿಪೋರ್ಟ್, ಇಂಥ ಒಂದು ಮೂವತ್ತು. ಒಂದೊಂದನ್ನೂ "ಐ ಚೆಕ್ಡ್ ದ ಫಿಲ್ಟರ್. ಇಟ್ ಈಸ್ ಕ್ಲೀನ್" ಥರದ ಎರಡು ಸಾಲಿನಲ್ಲಿ ಬಳಸಲಿ. ಆಗಿಹೋದ ಕೆಲಸ, ಆಗುತ್ತಿರುವ ಕೆಲಸ, ಮುಂದೆ ಮಾಡಬೇಕಾದ ಕೆಲಸ, ಈ ಮೂರು ಕಾಲ ಬಂದರೆ ಶಾಪ್ ಫ್ಲೋರ್‌ಗೆ ಧಾರಾಳ. ಬೆಳಿಗ್ಗೆ ಕನ್ನಡದಲ್ಲಿ ಕೊಟ್ಟ ಹ್ಯಾಂಡೋವರನ್ನೇ ವಾರದ ಪೀರಿಯಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಹೇಳಿಸಿ. ಮಾತಾಡುವಾಗ ಮಧ್ಯೆ ಗ್ರಾಮರ್ ತಿದ್ದಬೇಡಿ, ದಯವಿಟ್ಟು. ಮುಗಿದ ಮೇಲೆ ಒಂದೇ ಒಂದು ತಪ್ಪು ಹೇಳಿ. ಅದೂ ಅರ್ಥ ಕೆಡಿಸುವ ತಪ್ಪಾಗಿದ್ದರೆ ಮಾತ್ರ. "ದ" ಬಿಟ್ಟುಹೋದರೆ ಯಾವ ಬೇರಿಂಗೂ ಒಡೆಯುವುದಿಲ್ಲ.

ಈಗ ಇಂಟರ್‌ವ್ಯೂ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದ ಕೂಡಲೇ ಹೊರಡುವ ಕ್ಯಾಸೆಟ್ ನಿಮಗೂ ಬಾಯಿಪಾಠ ಆಗಿರುತ್ತದೆ. "ಮೈ ಸೆಲ್ಫ್ ಹೀಗೆ, ಐ ಯಾಮ್ ಕಮಿಂಗ್ ಫ್ರಮ್ ಹಾಗೆ, ಮೈ ಫಾದರ್ ಈಸ್ ಎ ಫಾರ್ಮರ್, ಮೈ ಮದರ್ ಈಸ್ ಎ ಹೌಸ್‌ವೈಫ್, ಮೈ ಹಾಬಿ ಈಸ್ ಲಿಸನಿಂಗ್ ಮ್ಯೂಸಿಕ್." ಎದುರಿಗೆ ಕೂತವರು ಬೆಳಿಗ್ಗೆಯಿಂದ ಇದನ್ನೇ ಕೇಳಿ ಕೇಳಿ ಆಕಳಿಸುತ್ತಿರುತ್ತಾರೆ. ಈ ಉತ್ತರದಲ್ಲಿ ಮುಂದಿನ ಪ್ರಶ್ನೆಗೆ ಎಳೆಯೇ ಇಲ್ಲ. ಹಾಗಾಗಿ ಅವರು ತಮಗೆ ತೋಚಿದ್ದು ಕೇಳುತ್ತಾರೆ, ಹುಡುಗ ಸಿಕ್ಕಿಬೀಳುತ್ತಾನೆ.

ಅದೇ ಹುಡುಗನ ಮನೆ ಬ್ಯಾಡಗಿ ಕಡೆ ಇದೆ ಅಂದುಕೊಳ್ಳಿ. ಅಪ್ಪನದು ಮೆಣಸಿನಕಾಯಿ ಹೊಲ. ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಕೆಟ್ಟಾಗ ಬಿಚ್ಚಿ ರಿಪೇರಿ ಮಾಡುವವನು ಇವನೇ. ಇದನ್ನು ಅವನು ಇಂಟರ್‌ವ್ಯೂನಲ್ಲಿ ಹೇಳುವುದಿಲ್ಲ. ಅದು "ಹಳ್ಳಿ ಕೆಲಸ" ಅಂತ ನಾಚಿಕೆ. ಅವನನ್ನು ಕೂರಿಸಿಕೊಂಡು ನೀವೇ ಕೆದಕಬೇಕು. ಏನಾಗಿತ್ತು? ಪ್ರೆಶರ್ ಬರ್ತಿರಲಿಲ್ಲ ಮೇಡಂ. ಏನು ನೋಡಿದೆ? ಮೊದಲು ನಾಝಲ್, ಆಮೇಲೆ ಫಿಲ್ಟರ್. ಆಮೇಲೆ? ಪಂಪ್ ಬಿಚ್ಚಿದೆ, ಒಳಗಿನ ಸೀಲ್ ಸವೆದಿತ್ತು. ಏನು ಮಾಡಿದೆ? ಪೇಟೆಯಿಂದ ಸೀಲ್ ತಂದು ಹಾಕಿದೆ. ನೋಡಿ, ಇಷ್ಟರಲ್ಲಿ ಎಲ್ಲ ಇದೆ: ತೊಂದರೆ, ಹುಡುಕಿದ ಕ್ರಮ, ಕಾರಣ, ಪರಿಹಾರ. ಇದನ್ನು ಆರೇಳು ಸಾಲಲ್ಲಿ ಇಂಗ್ಲಿಷ್‌ಗೆ ತಂದರೆ ಅವನ ಉತ್ತರ ತಯಾರು. ಮುಂದಿನ ಪ್ರಶ್ನೆ ಖಂಡಿತ ಆ ಪಂಪ್ ಮೇಲೇ ಬರುತ್ತದೆ, ಅದರ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಕಡಿಮೆ. ಪ್ರತಿಯೊಬ್ಬ ವಿದ್ಯಾರ್ಥಿಯಲ್ಲೂ ಇಂಥದ್ದೊಂದು ಇರುತ್ತದೆ. ಫೈನಲ್ ಇಯರ್ ಶುರುವಾಗುವ ಮೊದಲೇ ಒಬ್ಬೊಬ್ಬರಿಂದ ಒಂದೊಂದು ಹೊರಗೆ ತೆಗೆಸಿಡಿ. ಬಾಯಿಪಾಠ ಮಾಡಿಸಬೇಡಿ. ಬೇರೆ ಬೇರೆಯವರಿಗೆ ನಾಲ್ಕಾರು ಸಲ ಹೇಳಿಸಿ, ಪ್ರತಿ ಸಲ ಪದಗಳು ಬದಲಾಗಲಿ, ಬೆನ್ನೆಲುಬು ಒಂದೇ ಇರಲಿ.

ಗೊತ್ತಿಲ್ಲದ ಪ್ರಶ್ನೆ ಬಂದಾಗ ಸುಮ್ಮನೆ ತಲೆ ತಗ್ಗಿಸುವ ಬದಲು "ಇದು ಗೊತ್ತಿಲ್ಲ ಸರ್, ಆದರೆ ಮೊದಲು ಇದನ್ನು ಚೆಕ್ ಮಾಡ್ತೀನಿ" ಅಂತ ಹೇಳೋಕೂ ಅಭ್ಯಾಸ ಬೇಕು. ಗ್ರೂಪ್ ಡಿಸ್ಕಷನ್ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಡಿಪ್ಲೊಮಾದವರನ್ನು ತೆಗೆದುಕೊಳ್ಳುವ ಕಾರ್ಖಾನೆಗಳು ಅದನ್ನು ಅಷ್ಟಾಗಿ ಇಡುವುದಿಲ್ಲ, ನಿಮ್ಮ ಸಮಯ ಅಲ್ಲಿ ಕಳೆಯಬೇಡಿ.

ಬರವಣಿಗೆಯನ್ನು ಮಾತ್ರ ಬಿಡಬೇಡಿ. ಇವತ್ತು ಶಾಪ್ ಫ್ಲೋರ್‌ನ ಅರ್ಧ ಸಂವಹನ ವಾಟ್ಸ್ಯಾಪ್ ಗ್ರೂಪಿನಲ್ಲೇ ನಡೆಯುತ್ತದೆ. ಎಣ್ಣೆ ಸೋರುತ್ತಿರುವ ಒಂದು ಫೋಟೊ, ಕೆಳಗೆ ಏನೂ ಇಲ್ಲ. ಯಾವ ಮಷೀನು, ಯಾವಾಗಿನಿಂದ, ನಿಲ್ಲಿಸಿದ್ದೀರಾ ಓಡ್ತಿದೆಯಾ? ಮ್ಯಾನೇಜರ್ ನಾಲ್ಕು ಸಲ ಕೇಳಬೇಕು. ಕಾಲೇಜಿನಲ್ಲೇ ಒಂದು ಗ್ರೂಪ್ ಮಾಡಿ, ವರ್ಕ್‌ಶಾಪ್‌ನ ಯಾವ ಫೋಟೊ ಹಾಕಿದರೂ ಅದೇ ನಾಲ್ಕು ಪ್ರಶ್ನೆಗೆ ಉತ್ತರ ಕೆಳಗಿರಬೇಕು ಅಂತ ನಿಯಮ ಮಾಡಿ. ರಜೆ ಕೇಳುವ ಮೆಸೇಜಿಗೂ ಅಷ್ಟೇ. "ಇವತ್ತು ಬರಲ್ಲ ಮೇಡಂ" ಸಾಲದು. ಯಾಕೆ, ಯಾವಾಗ ಬರುತ್ತೀನಿ, ನನ್ನ ಅರ್ಧ ಆದ ಜಾಬ್ ಯಾರು ನೋಡಿಕೊಳ್ಳುತ್ತಾರೆ, ಮೂರೂ ಇರಲಿ.

ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಬಗ್ಗೆಯೂ ಒಂದು ಮಾತು. ಸ್ಪೈರಲ್ ಬೈಂಡಿಂಗ್ ಮಾಡಿಸಿದ ಆ ದಪ್ಪ ಪುಸ್ತಕವನ್ನು ಯಾರೂ ಓದುವುದಿಲ್ಲ, ಬರೆದವರೂ ಸೇರಿದಂತೆ. ನಿಯಮಕ್ಕೆ ಬೇಕಾದರೆ ಅದು ಇರಲಿ. ಜೊತೆಗೆ ಒಂದೇ ಎ3 ಹಾಳೆಯ ರಿಪೋರ್ಟ್ ಮಾಡಿಸಿ. ಇದು ಟೊಯೊಟಾದ ಪದ್ಧತಿ. 297×420 ಮಿಲಿಮೀಟರಿನ ಒಂದು ಹಾಳೆಯಲ್ಲಿ ಸಮಸ್ಯೆ, ಈಗಿನ ಸ್ಥಿತಿ, ಮೂಲ ಕಾರಣ, ಮಾಡಿದ ಕೆಲಸ, ಬಂದ ಫಲ, ಮುಂದೇನು ಅನ್ನೋದೆಲ್ಲ ಕೂರಬೇಕು. ಜಾಗ ಇಲ್ಲದಿದ್ದಾಗಲೇ ಯಾವುದು ಮುಖ್ಯ ಅಂತ ಹುಡುಗರು ಜಗಳಾಡುತ್ತಾರೆ. ಆ ಜಗಳದಲ್ಲಿ ಕಲಿಯುವುದು ಜಾಸ್ತಿ. ಬಿಡದಿಯ ಟೊಯೊಟಾ ಕಾರ್ಖಾನೆ ಕಡೆ ಇಂಟರ್‌ವ್ಯೂಗೆ ಹೋಗುವವರು ಆ ಹಾಳೆಯನ್ನು ಮಡಚಿಕೊಂಡು ಹೋಗಲಿ, ಅಲ್ಲಿ ಅದು ಏನು ಅಂತ ವಿವರಿಸುವ ಅಗತ್ಯ ಬೀಳುವುದಿಲ್ಲ.

ಈಗ ಬಾಯಿ ಬಿಡದ ಆ ಹುಡುಗಿಯರು. ಅವರನ್ನು ಸ್ಟೇಜ್ ಮೇಲೆ ಹತ್ತಿಸಿ "ಧೈರ್ಯ ಬರಲಿ" ಅನ್ನುವ ಚಿಕಿತ್ಸೆ ಮಾತ್ರ ಮಾಡಬೇಡಿ. ಮೊದಲು ಯಾಕೆ ಮಾತಾಡುತ್ತಿಲ್ಲ ಅಂತ ನೋಡಿ. ಕೆಲವು ಸಲ ಕಾರಣ ಸರಳ: ಕ್ಲಾಸಿನಲ್ಲಿ ಮೂರ್ನಾಲ್ಕು ಹುಡುಗಿಯರು, ಉಳಿದವರೆಲ್ಲ ಹುಡುಗರು, ಒಮ್ಮೆ ತಪ್ಪು ಹೇಳಿದಾಗ ಯಾರೋ ನಕ್ಕಿದ್ದಾರೆ. ಹಾಗಾಗಿದ್ದರೆ ನಕ್ಕವರನ್ನು ಸರಿಮಾಡಬೇಕು, ಆಕೆಯನ್ನಲ್ಲ. ಇನ್ನು ಕೆಲವು ಸಲ ತಪ್ಪು ನಮ್ಮ ಗಡಿಬಿಡಿಯಲ್ಲಿರುತ್ತದೆ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಮನಸ್ಸಿನಲ್ಲಿ ಎಣಿಸಿ ನೋಡಿ, ಮೂರು ಸೆಕೆಂಡ್ ಕ್ಲಾಸಿನಲ್ಲಿ ಬಹಳ ಉದ್ದ ಅನ್ನಿಸುತ್ತದೆ.

ಅವರಿಗೆ ಮೊದಲು ಹ್ಯಾಂಡೋವರ್ ತೆಗೆದುಕೊಳ್ಳುವ ಪಾತ್ರ ಕೊಡಿ. ತಿರುಗಿ ಹೇಳುವುದು ಸುಲಭ, ಪದಗಳು ಇನ್ನೊಬ್ಬರಿಂದಲೇ ಬಂದಿರುತ್ತವೆ. ಆಮೇಲೆ ಮೊದಲ ವರ್ಷದ ಒಬ್ಬ ಹುಡುಗಿಗೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳತೆ ಓದೋದು ಹೇಳಿಕೊಡಲಿ. ಮೇನ್ ಸ್ಕೇಲ್ 24, ವರ್ನಿಯರ್‌ನ 18ನೇ ಗೆರೆ ಕೂಡಿದೆ, ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) 0.02, ಹಾಗಾಗಿ 24 + 18×0.02 = 24.36 ಎಂಎಂ. ಕೈಯಲ್ಲಿ ಉಪಕರಣ ಇದ್ದರೆ ಕಣ್ಣು ಅದರ ಮೇಲಿರುತ್ತದೆ, ಮುಖ ನೋಡುವ ಸಂಕೋಚ ಕಡಿಮೆ. ಅಷ್ಟಾದ ಮೇಲೆ ಮೊಬೈಲ್‌ನಲ್ಲಿ ಒಂದು ನಿಮಿಷದ ವಾಯ್ಸ್ ರೆಕಾರ್ಡ್ ಮಾಡಿ ನಿಮಗೊಬ್ಬರಿಗೇ ಕಳಿಸಲಿ. ಗುಂಪಿನ ಮುಂದೆ ಮಾತು ಕೊನೆಗೆ.

ಹುಡುಗಿಯರಿಗೆ ಇಂಟರ್‌ವ್ಯೂನಲ್ಲಿ ಹುಡುಗರಿಗೆ ಬಾರದ ಒಂದು ಪ್ರಶ್ನೆ ಬರುತ್ತದೆ: "ಬೆಂಗಳೂರಿಗೆ ಬರ್ತೀಯಾ? ಮನೆಯಲ್ಲಿ ಕಳಿಸ್ತಾರಾ?" ಅಲ್ಲಿ ಆಕೆ ತಡವರಿಸುವುದು ಭಾಷೆ ಬಾರದೆ ಅಲ್ಲ. ಮನೆಯಲ್ಲಿ ಆ ಮಾತೇ ಎತ್ತಿರುವುದಿಲ್ಲ. ಕಂಪನಿ ಬರುವ ಒಂದೆರಡು ತಿಂಗಳು ಮೊದಲೇ ಅವರ ಅಪ್ಪ ಅಮ್ಮನನ್ನು ಕರೆಸಿ. ಎಲ್ಲಿ ಉಳಿಯುವುದು, ಶಿಫ್ಟ್ ಎಷ್ಟು ಹೊತ್ತಿಗೆ, ಕಂಪನಿ ಬಸ್ ಇದೆಯಾ, ಅಪ್ರೆಂಟಿಸ್‌ಶಿಪ್‌ನಲ್ಲಿ ಸ್ಟೈಪೆಂಡ್ ಎಷ್ಟು, ಊರಿಗೆ ಬಂದುಹೋಗೋದು ಹೇಗೆ, ಇವೆಲ್ಲವನ್ನೂ ಆಕೆಯೇ ವಿಚಾರಿಸಿ ತಂದು, ಅವರಿಗೆ ಆಕೆಯೇ ವಿವರಿಸಲಿ. ನೀವು ಪಕ್ಕದಲ್ಲಿ ಕೂತಿದ್ದರೆ ಸಾಕು, ಮಧ್ಯೆ ಬಾಯಿ ಹಾಕಬೇಡಿ.